ಹೊಟ್ಟೆಯ ಹುಣ್ಣು, ತಲೆಯ ಹೆಪ್ಪು

ಶಹಾಬಾದಿನ ಫರ್ಸಿ ಗಣಿಯಲ್ಲೋ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೋ ಮೇ ತಿಂಗಳು ದುಡಿದವರಿಗೆ ಮೈಯೊಳಗಿನ ನೀರು ಆರುವುದೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ತಿಂಗಳುಗಟ್ಟಲೆ ರಕ್ತಭೇದಿಯಿಂದ ಸೊರಗಿದವರ ಪಾಡು ವರ್ಷವಿಡೀ ಹಾಗೇ. ಅಂಥವರಲ್ಲಿ ಕೆಲವರಿಗೆ ಒಂದು ದಿನ ತಲೆ ಸಿಡಿಯುತ್ತದೆ, ಆಮೇಲೆ ಫಿಟ್ಸ್ ಬರುತ್ತದೆ. ಹೊಟ್ಟೆಗೂ ತಲೆಗೂ ಎಲ್ಲಿಯ ನಂಟು?

1859ರಲ್ಲಿ ಲಂಡನ್ನಿನ ವೈದ್ಯ ಸ್ಯಾಮುಯೆಲ್ ವಿಲ್ಕ್ಸ್, ಇಂಥ ರಕ್ತಭೇದಿ ತರುವ ದೊಡ್ಡ ಕರುಳಿನ ಹುಣ್ಣು ಮಾಮೂಲಿ ಆಮಶಂಕೆಯಲ್ಲ ಎಂದರು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಸಂಗಡಿಗರು ಸಣ್ಣ ಕರುಳಿನ ತುದಿಯ ಉರಿಯೂತವನ್ನು ವಿವರಿಸಿದರು. ನಮ್ಮಲ್ಲಿ ಅದೇ ಜಾಗಕ್ಕೆ ಕ್ಷಯವೂ ಬರುವುದರಿಂದ ಎರಡನ್ನೂ ಬೇರೆ ಮಾಡಲು ವೈದ್ಯರು ಇಂದಿಗೂ ತಿಣುಕುತ್ತಾರೆ. 1936ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಬಾರ್ಗನ್ ಮತ್ತು ಬಾರ್ಕರ್, ಕರುಳು ಹುಣ್ಣಾದವರ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವರದಿ ಮಾಡಿದರು. ಉರಿಯೂತ ರಕ್ತವನ್ನು ಹೆಪ್ಪಿನ ಕಡೆ ವಾಲಿಸುತ್ತದೆ. ಭೇದಿ ನೀರನ್ನು ಕಳೆಯುತ್ತದೆ. ಮಿದುಳಿನಿಂದ ರಕ್ತ ಇಳಿಯುವ ನಾಳಕ್ಕೇ ಹೆಪ್ಪು ಅಡ್ಡ ಕೂತರೆ ಮಿದುಳು ಬಾತು, ಫಿಟ್ಸ್ ಬರಬಹುದು. ಸ್ಕ್ಯಾನ್ ಬರುವ ಮೊದಲು ಇದು ಹೆಚ್ಚಾಗಿ ಮರಣೋತ್ತರ ಪರೀಕ್ಷೆಯಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಕರ್ನಾಟಕದ ವೈದ್ಯರಿಗೆ ಈ ಹೆಪ್ಪಿನ ಪರಿಚಯ ಹೆಚ್ಚಾಗಿ ಆದದ್ದು ಬಾಣಂತಿ ಕೋಣೆಯಿಂದ. ಹೆರಿಗೆಯ ನಂತರ ರಕ್ತ ಹೇಗೂ ಬೇಗ ಹೆಪ್ಪುಗಟ್ಟುತ್ತದೆ; ಅದರ ಮೇಲೆ, ನಂಜಾದೀತೆಂದು ಹಿರಿಯರು ಬಾಣಂತಿಗೆ ಗುಟುಕು ಗುಟುಕಾಗಿ ಮಾತ್ರ ನೀರು ಕೊಡುತ್ತಿದ್ದರು. ಆ ಪದ್ಧತಿ ಹೋದಷ್ಟೂ ಒಳ್ಳೆಯದೆಂದೇ ನನ್ನ ಮಾತು. ಮಿದುಳು, ನರರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ ಮತ್ತು ಸಹೋದ್ಯೋಗಿಗಳು ಮಿದುಳಿನ ನಾಳದಲ್ಲಿ ಹೆಪ್ಪಾದ ಬಾಣಂತಿಯರಿಗೆ, ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ನನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ಉಪಯೋಗವಾದದ್ದನ್ನು 1999ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1991ರಲ್ಲಿ, ಜರ್ಮನಿಯ ಐನ್‌ಹೊಯ್ಪ್ಲ್ ತಂಡ ಇದೇ ಹೆಪ್ಪಿನ 20 ರೋಗಿಗಳಲ್ಲಿ ಈ ಔಷಧಿಯನ್ನು ಪರೀಕ್ಷಿಸಿತ್ತು. ಹೆಪಾರಿನ್ ಪಡೆದ 10 ಮಂದಿಯಲ್ಲಿ 8 ಜನ ಪೂರ್ತಿ ಗುಣವಾದರು, ಯಾರೂ ಸಾಯಲಿಲ್ಲ. ಪಡೆಯದ 10ರಲ್ಲಿ ಮೂವರು ತೀರಿಕೊಂಡರು.

ಕರುಳು ಹುಣ್ಣಾಗಿ ಮಲದಲ್ಲಿ ರಕ್ತ ಹೋಗುತ್ತಿರುವವರಿಗೆ ರಕ್ತ ತೆಳುವಾಗಿಸುವ ಈ ಇಂಜೆಕ್ಷನ್ನೇ ಎಂದು ಮನೆಯವರು ಗಾಬರಿಯಾಗುವುದು ಸಹಜ. ಎರಡೂ ಅಪಾಯಗಳನ್ನು ತೂಗಿ ನೋಡಿಯೇ ವೈದ್ಯರು ಕೊಡುತ್ತಾರೆ. ಎಲ್ಲ ಫಿಟ್ಸೂ ಹೆಪ್ಪಿನದಲ್ಲ: ಭೇದಿಯಲ್ಲಿ ಸೋಡಿಯಂ, ಮೆಗ್ನೀಸಿಯಂ ಇಳಿದರೂ ಬರಬಹುದು.

ಫಿಟ್ಸ್ ಬಂದಾಗ ಕೈಗೆ ಕೀಲಿ ಕೊಟ್ಟು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನ್ ಮಾಡಿ. ಸೇಡಂ, ಚಿತ್ತಾಪುರ, ಚಿಂಚೋಳಿಯಿಂದ ಕಲಬುರಗಿಗೆ ಹೊರಡುವಾಗ ಹೊಟ್ಟೆಬೇನೆಯ ಹಳೇ ಚೀಟಿ, ಗುಳಿಗೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ತಲೆ ನೋಡುವ ಡಾಕ್ಟರಿಗೆ ಅವು ಬೇಕಾಗುತ್ತವೆ.