ಪೊರೆ ತಡೆಯುವುದೆಷ್ಟು, ಗಾತ್ರ ಹೇಳುವುದೆಷ್ಟು?

ಪ್ರಯೋಗಾಲಯದ ಡಯಾಲಿಸಿಸ್ಸನ್ನು ಸಾಮಾನ್ಯವಾಗಿ ಜರಡಿಯಂತೆ ವಿವರಿಸುತ್ತಾರೆ: ಪೊರೆಯ ರಂಧ್ರಕ್ಕಿಂತ ದೊಡ್ಡ ಅಣು ಒಳಗುಳಿಯುತ್ತದೆ, ಸಣ್ಣದು ಸೋರಿಹೋಗುತ್ತದೆ. 1861ರಲ್ಲಿ ಥಾಮಸ್ ಗ್ರಹಾಂ ಈ ವಿಧಾನಕ್ಕೆ ಹೆಸರಿಟ್ಟು, ಸಕ್ಕರೆಯನ್ನು ಗೋಂದಿನಿಂದ ಬೇರ್ಪಡಿಸಿ ತೋರಿಸಿದ. ಜರಡಿಯ ಚಿತ್ರ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಜರಡಿಯಿಂದ ಉದುರಿದ ಹಿಟ್ಟು ಮೇಲೇರುವುದಿಲ್ಲ. ಪೊರೆ ದಾಟಿದ ಉಪ್ಪು ಒಳಕ್ಕೂ ಮರಳುತ್ತದೆ. ಒಳಗೆ ಸಾಂದ್ರತೆ ಹೆಚ್ಚಿರುವವರೆಗೆ ಹೊರಹೋಗುವ ಕಣಗಳೇ ಹೆಚ್ಚು, ಅಷ್ಟೇ. ಎರಡೂ ಕಡೆ ಸಮವಾದ ಮೇಲೆ ಎಷ್ಟು ಹೊತ್ತು ಕಾದರೂ ಫಲವಿಲ್ಲ. 10 ಮಿಲಿಲೀಟರ್ ಪ್ರೋಟೀನ್ ದ್ರಾವಣವಿರುವ ಚೀಲವನ್ನು 3 ಲೀಟರ್ ಬಫರಿನಲ್ಲಿ ಒಮ್ಮೆಗೇ ಮುಳುಗಿಸಿಟ್ಟರೆ ಒಳಗಿನ ಉಪ್ಪು ಸುಮಾರು 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟೇ ಬಫರನ್ನು ಒಂದೊಂದು ಲೀಟರಿನಂತೆ, ಪ್ರತಿ ಸಲ ಸಮತೋಲ ಬರುವವರೆಗೆ ಕಾದು, ಮೂರು ಬಾರಿ ಬಳಸಿದರೆ ಉಳಿಯುವುದು ಸುಮಾರು 10 ಲಕ್ಷದಲ್ಲಿ ಒಂದು ಪಾಲು. ಪೊರೆಯೂ ಅದೇ, ರಂಧ್ರವೂ ಅದೇ.

ಹಾಗಾದರೆ ರಂಧ್ರದ ಅಳತೆಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ, ಪ್ರೋಟೀನ್ ಒಳಗುಳಿಯುವುದು ಅದರಿಂದಲೇ. ಆದರೆ ಆ ಅಳತೆ ಕತ್ತರಿಸಿದ ಗೆರೆಯಲ್ಲ. ಚೀಲದ ಮೇಲೆ 14,000 ಡಾಲ್ಟನ್ ಎಂದು ಬರೆದಿದ್ದರೆ, ಸಾಮಾನ್ಯವಾಗಿ ಆ ತೂಕದ ಅಣುಗಳಲ್ಲಿ ಶೇ. 90ರಷ್ಟು ಉಳಿಯುತ್ತವೆ ಎಂದರ್ಥ. ಅಣುವಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಒತ್ತಡ ಹಾಕಿ ಸೋಸುವ ವಿಧಾನ ನಿಮಿಷಗಳಲ್ಲಿ ಮುಗಿಯುವಾಗ 4 ಡಿಗ್ರಿ ತಂಪಿನಲ್ಲಿ ರಾತ್ರಿಯಿಡೀ ಏಕೆ ಕಾಯಬೇಕು ಎಂಬುದು ಇನ್ನೊಂದು ಆಕ್ಷೇಪ. ಅವಸರದ ಕೆಲಸಕ್ಕೆ ಅದೇ ಸರಿ, ಒಪ್ಪುತ್ತೇನೆ. ಆದರೆ ಯೂರಿಯಾದಲ್ಲಿ ಬಿಚ್ಚಿಕೊಂಡ ಪ್ರೋಟೀನು ಮತ್ತೆ ಮಡಚಿಕೊಳ್ಳಬೇಕಾದರೆ ಯೂರಿಯಾ ನಿಧಾನವಾಗಿ ತೊಲಗುವುದೇ ಎಷ್ಟೋ ಸಲ ಒಳ್ಳೆಯದು. ಅಲ್ಲಿ ನಿಧಾನವೇ ಡಯಾಲಿಸಿಸ್ಸಿನ ಗುಣ.

ಗಾತ್ರದ ಮಾತು ನಿಜವಾಗಿ ಸೋಲುವುದು ಬೇರೊಂದು ಕಡೆ. 1906ರಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟಿನ ರಸವನ್ನು ಡಯಾಲಿಸಿಸ್ ಮಾಡಿದಾಗ ಒಳಗುಳಿದ ಭಾಗ ಸಕ್ಕರೆಯನ್ನು ಹುದುಗಿಸಲಾರದೆ ಹೋಯಿತು. ಕುದಿಸಿದ ಯೀಸ್ಟ್ ರಸವನ್ನು ಸೇರಿಸಿದೊಡನೆ ಹುದುಗುವಿಕೆ ಮರಳಿತು. ಹೊರಬಿದ್ದ ಸಹಕಿಣ್ವವನ್ನು ಇಂದು ಎನ್‌ಎಡಿ ಎನ್ನುತ್ತೇವೆ. ತೂಕ ಸುಮಾರು 663 ಡಾಲ್ಟನ್. ಹಿಮೋಗ್ಲೋಬಿನ್ನಿನ ಹೀಮ್ ಸುಮಾರು 616 ಡಾಲ್ಟನ್, ಅದಕ್ಕಿಂತಲೂ ಹಗುರ. ಆದರೂ ಹಿಮೋಗ್ಲೋಬಿನ್ನನ್ನು ಡಯಾಲಿಸಿಸ್ ಮಾಡಿದರೆ ಹೀಮ್ ಒಳಗೇ ಉಳಿಯುತ್ತದೆ, ದ್ರಾವಣ ಕೆಂಪಾಗಿಯೇ ಇರುತ್ತದೆ. ಏಕೆಂದರೆ ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದಿದೆ. ಎನ್‌ಎಡಿ ಕಿಣ್ವವನ್ನು ಕೂಡುತ್ತ ಬಿಡುತ್ತ ಇರುವ ಅಣು; ಬಿಟ್ಟ ಗಳಿಗೆಯಲ್ಲಿ ಅದು ಪೊರೆ ದಾಟುತ್ತದೆ. ಆದ್ದರಿಂದ ಡಯಾಲಿಸಿಸ್ಸಿನ ನಂತರ ಕಿಣ್ವ ಸತ್ತಂತೆ ಕಂಡರೆ, ಹೊರಗಿನ ಬಫರನ್ನು ಚೆಲ್ಲುವ ಮೊದಲು ಅದನ್ನು ಪರೀಕ್ಷಿಸಬೇಕು.