ಕಡಲು ನಮ್ಮ ಅಡುಗೆಮನೆಯಿಂದ ಎಷ್ಟು ದೂರ?



ಸಮುದ್ರ ಮಾಲಿನ್ಯದ ಬಗ್ಗೆ ನಾಲ್ಕು ಮಾತಾಡಬೇಕು ಎಂದಾಗ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಕಡಲಿನ ವಿಷಯ ಏನು ಗೊತ್ತು ಎಂದುಕೊಂಡೆ. ಆಮೇಲೆ ಒಂದು ಘಟನೆ ನೆನಪಾಯಿತು.

2017ರ ಜನವರಿ 28ರಂದು ಎಣ್ಣೂರಿನ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿ ಹೊಡೆದು ತೈಲ ಸಮುದ್ರಕ್ಕೆ ಸೋರಿತು. ಜನ ಬಕೆಟ್‌ಗಳಲ್ಲಿ ಆ ಕಪ್ಪು ಜಿಡ್ಡನ್ನು ಮೊಗೆಯುವುದನ್ನು ಟಿವಿಯಲ್ಲಿ ನೋಡಿ "ಛೆ, ಎಂಥಾ ಅನ್ಯಾಯ" ಎಂದೆ. ಅದೇ ರಾತ್ರಿ ಬೋಂಡಾ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯುತ್ತಿದ್ದೆ. ಪಕ್ಕದಲ್ಲಿದ್ದ ಅತ್ತೆ, "ಇದು ಎಲ್ಲಿಗೆ ಹೋಗುತ್ತಮ್ಮಾ?" ಎಂದು ಕೇಳಿದರು. ಎಂ.ಟೆಕ್. ಓದಿದ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ನಮ್ಮ ಪಕ್ಕದಲ್ಲೇ ಹರಿಯುತ್ತಿದೆ. ನುಂಗಂಬಾಕ್ಕಂ ಅಂಚಿನ ಕೂವಂ ನದಿಯನ್ನು ನಾವೆಲ್ಲ ಮೂಗು ಮುಚ್ಚಿಕೊಂಡೇ ದಾಟುತ್ತೇವೆ. ಅದು ಚಿಂತಾದ್ರಿಪೇಟೆಯನ್ನು ಬಳಸಿಕೊಂಡು, ನೇಪಿಯರ್ ಸೇತುವೆಯ ಕೆಳಗೆ ಹಾದು, ಮರೀನಾ ಪಕ್ಕದಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮನೆಯ ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗಬೇಕು, ನಿಜ. ಆದರೆ ಎಣ್ಣೆಯ ಜಿಡ್ಡು ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಂಡರೆ ಕೊಳಚೆ ರಸ್ತೆಗೆ ಉಕ್ಕಿ ಮಳೆನೀರಿನ ಚರಂಡಿಗೆ ಇಳಿಯುತ್ತದೆ. ಬೀದಿಯ ಪ್ಲಾಸ್ಟಿಕ್ ಕವರ್ ಕೂಡ ಅದೇ ದಾರಿ ಹಿಡಿಯುತ್ತದೆ. ಸಮುದ್ರದ ಕಸದಲ್ಲಿ ಬಹುಪಾಲು ನೆಲದಿಂದಲೇ ಹೋದದ್ದು.

ಅಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ. ಬಿಸಿಲಿಗೆ, ಅಲೆಗೆ ಪುಡಿಯಾಗಿ 5 ಮಿಲಿಮೀಟರಿಗಿಂತ ಚಿಕ್ಕ ಕಣಗಳಾಗುತ್ತದೆ. ಅದನ್ನು ಮೀನು ನುಂಗುತ್ತದೆ. "ನಾವು ಸಸ್ಯಾಹಾರಿಗಳು, ನಮಗೇನು?" ಎನ್ನುವಂತಿಲ್ಲ. ನಮ್ಮ ದೇಶದ ಸಮುದ್ರದ ಉಪ್ಪಿನಲ್ಲೂ ಈ ಕಣಗಳಿರುವುದನ್ನು 2018ರಲ್ಲಿ ಐಐಟಿ ಬಾಂಬೆಯ ಸಂಶೋಧಕರು ತೋರಿಸಿದ್ದಾರೆ. ಮೀನು ಬಿಟ್ಟವರಿದ್ದೇವೆ, ಉಪ್ಪು ಬಿಟ್ಟವರು ಯಾರು?

ಕಾನೂನುಗಳು ಇಲ್ಲದಿಲ್ಲ. ಹಡಗುಗಳಿಗೆ ಮಾರ್ಪೋಲ್ ಒಪ್ಪಂದವಿದೆ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ದೊಡ್ಡ ಕಾರ್ಖಾನೆ, ಬಂದರುಗಳನ್ನು ಸರ್ಕಾರವೇ ಹಿಡಿದು ಕೇಳಬೇಕು, ಆ ಹೊಣೆಯನ್ನು ಗೃಹಿಣಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಪಾಠವಿದೆ: ತಪ್ಪನ್ನು ಹುಟ್ಟಿದಲ್ಲೇ ತಡೆದರೆ ಖರ್ಚು ಕಡಿಮೆ, ಮುಂದೆ ಹೋದಷ್ಟೂ ಹೆಚ್ಚು. ಕಡಲಿಗೂ ಅದೇ ಲೆಕ್ಕ.

ನಮ್ಮ ಮನೆಯಲ್ಲಿ ಮಾಡಿಕೊಂಡದ್ದು ಇಷ್ಟು. ಕರಿಯಲು ಬೇಕಾದಷ್ಟೇ ಎಣ್ಣೆ ಇಡುತ್ತೇವೆ. ಜಿಡ್ಡಿನ ಬಾಣಲೆಯನ್ನು ಹಳೇ ಪತ್ರಿಕೆಯಿಂದ ಒರೆಸಿ ಆಮೇಲೆ ತೊಳೆಯುತ್ತೇವೆ. ವಾಷಿಂಗ್ ಮೆಷಿನ್ ತುಂಬಿದ ಮೇಲೆಯೇ ಹಾಕುತ್ತೇವೆ. ಗೌರಿ ಗಣೇಶನನ್ನು ಬಣ್ಣವಿಲ್ಲದ ಮಣ್ಣಿನಲ್ಲಿ ತಂದು ಬಕೆಟ್ಟಿನಲ್ಲೇ ವಿಸರ್ಜಿಸಿ, ಆ ಮಣ್ಣನ್ನು ತುಳಸಿ ಕುಂಡಕ್ಕೆ ಹಾಕುತ್ತೇವೆ.

ಕೊನೆಗೊಂದು ಕೋರಿಕೆ. ಮುಂದಿನ ನವರಾತ್ರಿಯ ಅರಿಶಿನ ಕುಂಕುಮಕ್ಕೆ ತಾಂಬೂಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಡುವುದು ಬೇಡ. ಹಳೇ ಸೀರೆಗಳಿಂದ ಪುಟ್ಟ ಚೀಲಗಳನ್ನು ನಾವೇ ಹೊಲಿಯೋಣ. ಮೊದಲ ಸೀರೆ ನನ್ನದು. ಹೊಲಿಗೆ ಮಾತ್ರ ನನಗೆ ಬಾರದು, ಬಲ್ಲವರು ಕೈಜೋಡಿಸಿ.