ಕೃಷಿ ಕಾಲೇಜಿನ ಆಯ್ಕೆ: ಬದಲಾಪುರದ ಕನ್ನಡ ಕುಟುಂಬಗಳಿಗೆ ಕೆಲವು ಮಾತುಗಳು



ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದ ದಿನದಿಂದ ಕಾಲೇಜಿನ ಪ್ರವೇಶ ನಿಶ್ಚಿತವಾಗುವ ದಿನದವರೆಗಿನ ಅವಧಿ ಯಾವುದೇ ಮನೆಗೆ ನೆಮ್ಮದಿಯ ಕಾಲವಲ್ಲ. ಬದಲಾಪುರ, ಅಂಬರನಾಥ, ಕಲ್ಯಾಣ, ಡೊಂಬಿವಲಿ ಪ್ರದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಚಿಂತೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಮಕ್ಕಳನ್ನು ಮಹಾರಾಷ್ಟ್ರದಲ್ಲಿಯೇ ಓದಿಸುವುದೇ, ಕರ್ನಾಟಕಕ್ಕೆ ಕಳುಹಿಸುವುದೇ ಎಂಬುದು ಆ ಚಿಂತೆ. ಕೃಷಿ ಪದವಿಯನ್ನು ಬಯಸುವ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದಾಗುತ್ತದೆ.

ಇಂತಹ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ತಂದೆ ವಿಜಯಪುರ ಜಿಲ್ಲೆಯಲ್ಲಿದ್ದ ಎರಡೆಕರೆ ಒಣಭೂಮಿಯನ್ನು ಅಣ್ಣನಿಗೆ ಒಪ್ಪಿಸಿ, ಇಪ್ಪತ್ತು ವರ್ಷಗಳ ಹಿಂದೆ ಕಾರ್ಖಾನೆಯ ಕೆಲಸಕ್ಕಾಗಿ ಬಂದವರು. ಮಗಳು ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾಗಿ, ಬೇಸಾಯದ ಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಅಷ್ಟರಲ್ಲಿ ಮಧ್ಯವರ್ತಿಯೊಬ್ಬನ ದೂರವಾಣಿ ಕರೆ ಬರುತ್ತದೆ: ಸೀಟು ಖಚಿತ, ನೌಕರಿ ಖಚಿತ, ಮುಂಗಡವನ್ನು ಮಾತ್ರ ಈ ವಾರವೇ ಕಟ್ಟಬೇಕು. ತಂದೆಯ ಕೈಯಲ್ಲಿರುವುದು ಭವಿಷ್ಯನಿಧಿಯ ಹಣವೊಂದೇ. ಆ ಹಣ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಮಗಳ ನಾಲ್ಕು ವರ್ಷಗಳೂ ಅಷ್ಟೇ. ಆದುದರಿಂದ ಮುಂಗಡ ಕಟ್ಟುವ ಮುನ್ನ ಈ ಮನೆಯವರು ನಾಲ್ಕು ಸಂಗತಿಗಳನ್ನು ಪರಿಶೀಲಿಸುವುದು ಅವಶ್ಯಕ. ಅವು ಮಾನ್ಯತೆ, ಕ್ಷೇತ್ರ, ಒಟ್ಟು ವೆಚ್ಚ ಹಾಗೂ ಪ್ರವೇಶದ ದಾರಿ.

ಮೊದಲನೆಯದು ಮಾನ್ಯತೆ. ನಮ್ಮ ದೇಶದಲ್ಲಿ ಕೃಷಿ ಪದವಿಯು ನಾಲ್ಕು ವರ್ಷಗಳ, ಎಂಟು ಸೆಮಿಸ್ಟರುಗಳ ವ್ಯಾಸಂಗ. ಇದರ ಪಠ್ಯಕ್ರಮವನ್ನು 1929ರಲ್ಲಿ ಸ್ಥಾಪಿತವಾದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದರೆ ಐ.ಸಿ.ಎ.ಆರ್., ತನ್ನ ಡೀನರ ಸಮಿತಿಗಳ ಮೂಲಕ ರೂಪಿಸುತ್ತದೆ. ಪರಿಷತ್ತಿನ ಮಾನ್ಯತಾ ಮಂಡಳಿಯು ವಿಶ್ವವಿದ್ಯಾನಿಲಯಗಳನ್ನೂ ಕಾಲೇಜುಗಳನ್ನೂ ಪರಿಶೀಲಿಸಿ, ನಿಗದಿತ ಅವಧಿಗೆ ಮಾನ್ಯತೆ ನೀಡುತ್ತದೆ. ಆ ಅವಧಿ ಮುಗಿದಿದೆಯೇ, ಮಾನ್ಯತೆ ಯಾವ ಪದವಿಗೆ ದೊರೆತಿದೆ ಎಂಬುದನ್ನು ಪರಿಷತ್ತು ಪ್ರಕಟಿಸುವ ಪಟ್ಟಿಯಲ್ಲಿಯೇ ನೋಡತಕ್ಕದ್ದು. ಕಾಲೇಜಿನ ಬಣ್ಣದ ಪತ್ರಿಕೆಯಲ್ಲಿ ಅಲ್ಲ. ಖಾಸಗಿ ಕಾಲೇಜಾದರೆ ಅದು ಯಾವ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾಗಿದೆಯೆಂದು ಆ ವಿಶ್ವವಿದ್ಯಾನಿಲಯವನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲಸ ಮಾಡುತ್ತಲೇ ಮನೆಯಲ್ಲಿ ಕುಳಿತು ಕೃಷಿ ಪದವಿ ಪಡೆಯಬಹುದೆಂಬ ಜಾಹೀರಾತುಗಳು ಕಂಡುಬರುವುದುಂಟು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2020ರ ನಿಯಮಗಳ ಪ್ರಕಾರ ಕೃಷಿ ಪದವಿಯನ್ನು ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ನೀಡುವಂತಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟ. ಮಣ್ಣನ್ನು ಮುಟ್ಟದೆ, ರೋಗ ತಗುಲಿದ ಎಲೆಯನ್ನು ಕೈಯಲ್ಲಿ ಹಿಡಿಯದೆ ಈ ವಿದ್ಯೆ ಬರುವುದಿಲ್ಲ.

ಎರಡನೆಯದು ಕ್ಷೇತ್ರ. ಕೃಷಿ ಕಾಲೇಜಿನ ನಿಜವಾದ ಪ್ರಯೋಗಾಲಯವೆಂದರೆ ಅದರ ಹೊಲ. ಒಂದು ಸಂಸ್ಥೆ ಏನನ್ನು ಕಲಿಸಬಲ್ಲದು ಎಂಬುದಕ್ಕೆ ಅದು ರೈತರ ಕೈಗೆ ಕೊಟ್ಟ ಬೀಜವೇ ಸಾಕ್ಷಿ. ಧಾರವಾಡವನ್ನು ನೋಡಬಹುದು. ಸ್ವಾತಂತ್ರ್ಯಪೂರ್ವದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಭಾಗದ ತರುಣರು ಕೃಷಿ ಪದವಿಗಾಗಿ ಪುಣೆಯ ಕೃಷಿ ಕಾಲೇಜಿಗೆ ಹೋಗಬೇಕಾಗಿತ್ತು. 1947ರಲ್ಲಿ ಧಾರವಾಡದಲ್ಲಿಯೇ ಕೃಷಿ ಕಾಲೇಜು ಆರಂಭವಾಯಿತು. ಎರಡು ಭಿನ್ನ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಪಡೆದ ವರಲಕ್ಷ್ಮಿ ಎಂಬ ಸಂಕರಣ ತಳಿಯನ್ನು 1972ರಲ್ಲಿ ಡಾ. ಬಿ.ಎಚ್. ಕಟರ್ಕಿಯವರು ನೀಡಿದ್ದು ಇದೇ ಧಾರವಾಡದಿಂದ. 1986ರಲ್ಲಿ ಅಲ್ಲಿ ಪ್ರತ್ಯೇಕ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅದೇ ರೀತಿ ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ರಾಗಿ ತಳಿಗಳು ಕರ್ನಾಟಕದ ರಾಗಿ ಬೆಳೆಗಾರರಿಗೆ ಚಿರಪರಿಚಿತ.

ಬದಲಾಪುರದ ನಿವಾಸಿಗಳಿಗೆ ಇನ್ನೂ ಸಮೀಪದ ನಿದರ್ಶನವಿದೆ. 1972ರಲ್ಲಿ ರತ್ನಾಗಿರಿ ಜಿಲ್ಲೆಯ ದಾಪೋಲಿಯಲ್ಲಿ ಸ್ಥಾಪಿತವಾದ ಕೊಂಕಣ ಕೃಷಿ ವಿದ್ಯಾಪೀಠದ ಕಾರ್ಯವ್ಯಾಪ್ತಿಗೆ ಠಾಣೆ ಜಿಲ್ಲೆಯೂ ಸೇರಿದೆ. ಈಗ ಡಾ. ಬಾಳಾಸಾಹೇಬ ಸಾವಂತರ ಹೆಸರನ್ನು ಹೊತ್ತಿರುವ ಈ ವಿದ್ಯಾಪೀಠದ ವೆಂಗುರ್ಲೆ ಕೇಂದ್ರವು ನೀಲಂ ಮತ್ತು ಆಪೂಸ್ ಮಾವುಗಳ ಸಂಕರದಿಂದ ರತ್ನಾ ಎಂಬ ತಳಿಯನ್ನು ನೀಡಿದೆ. ಅದರ ಗೋಡಂಬಿ ತಳಿಗಳೂ ಹೆಸರಾಗಿವೆ. ಇದೇ ವಿದ್ಯಾಪೀಠದ ಭತ್ತದ ಸಂಶೋಧನಾ ಕೇಂದ್ರವು ಕರ್ಜತ್‌ನಲ್ಲಿದೆ. ಬದಲಾಪುರದಿಂದ ಲೋಕಲ್ ಗಾಡಿಯಲ್ಲಿ ವಾಂಗಣಿ, ನೇರಳ ದಾಟಿದರೆ ಸಿಗುವ ಊರದು. ಕರ್ಜತ್ ಹೆಸರಿನ ಭತ್ತದ ತಳಿಗಳು ಹುಟ್ಟಿದ್ದು ಅಲ್ಲಿಯೇ. ಕೃಷಿ ಓದಬಯಸುವ ವಿದ್ಯಾರ್ಥಿಯು ಅರ್ಜಿ ತುಂಬುವ ಮುನ್ನ ಅನುಮತಿ ಪಡೆದು ಇಂತಹ ಕೇಂದ್ರವನ್ನೊಮ್ಮೆ ನೋಡಿ ಬರುವುದು ಒಳಿತು. ನಾಟಿಯ ಕಾಲದಲ್ಲಿ ಕೆಸರುಗದ್ದೆಯ ಬದುವಿನ ಮೇಲೆ ಅರ್ಧ ದಿನ ಕಳೆದರೆ, ತನಗೆ ಈ ವಿದ್ಯೆ ಒಗ್ಗುವುದೇ ಇಲ್ಲವೇ ಎಂಬುದು ಬೇರೆ ಯಾರೂ ಹೇಳದೆಯೇ ತಿಳಿಯುತ್ತದೆ.

ಕಾಲೇಜನ್ನು ನೋಡಲು ಹೋದಾಗ ಕಟ್ಟಡವನ್ನಷ್ಟೇ ನೋಡಿ ಹಿಂದಿರುಗಬಾರದು. ಸ್ವಂತ ಜಮೀನು ಎಷ್ಟಿದೆ, ಅದಕ್ಕೆ ನೀರಿದೆಯೇ, ವಿದ್ಯಾರ್ಥಿಗಳು ತಾವೇ ಬಿತ್ತಿ ಬೆಳೆದು ಕೊಯ್ಯುವ ತಾಕುಗಳಿವೆಯೇ, ಮಣ್ಣು ಪರೀಕ್ಷೆಯ ಉಪಕರಣಗಳು ಬಳಕೆಯಲ್ಲಿವೆಯೇ ಅಥವಾ ಬೀರುವಿನಲ್ಲಿವೆಯೇ, ಪ್ರತಿಯೊಂದು ವಿಷಯಕ್ಕೂ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ವಿಚಾರಿಸಬೇಕು. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದು ರೈತರೊಡನೆ ಕೆಲಸ ಮಾಡುವ ಗ್ರಾಮೀಣ ಕಾರ್ಯಾನುಭವವು ಪಠ್ಯಕ್ರಮದ ಅಂಗವೇ ಆಗಿದೆ. ಅದು ಕಾಗದದ ಮೇಲೆ ಮಾತ್ರ ನಡೆಯುತ್ತಿದೆಯೇ, ನಿಜವಾಗಿಯೂ ನಡೆಯುತ್ತಿದೆಯೇ ಎಂಬುದನ್ನು ಹಿಂದಿನ ವರ್ಷ ತೇರ್ಗಡೆಯಾದ ವಿದ್ಯಾರ್ಥಿಗಳು ಹೇಳಬಲ್ಲರು.

ಮೂರನೆಯದು ವೆಚ್ಚ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಆದರೆ ಹಾಸಿಗೆಯ ಉದ್ದವನ್ನು ಮೊದಲು ಅಳೆಯಬೇಕು. ಅನೇಕ ಪೋಷಕರು ಮೊದಲ ವರ್ಷದ ಬೋಧನಾ ಶುಲ್ಕವನ್ನು ಮಾತ್ರ ಲೆಕ್ಕಿಸುತ್ತಾರೆ. ಎಂಟು ಸೆಮಿಸ್ಟರುಗಳ ಶುಲ್ಕ, ವಿದ್ಯಾರ್ಥಿನಿಲಯದ ಬಾಡಿಗೆ, ಊಟದ ವೆಚ್ಚ, ಪರೀಕ್ಷಾ ಶುಲ್ಕ, ಶೈಕ್ಷಣಿಕ ಪ್ರವಾಸ, ಗ್ರಾಮೀಣ ಕಾರ್ಯಾನುಭವದ ಕಾಲದ ಖರ್ಚು, ವರ್ಷಕ್ಕೆರಡು ಬಾರಿ ಊರಿಗೆ ಬಂದು ಹೋಗುವ ಪ್ರಯಾಣ, ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದು ಕೂಡಿಸಿದಾಗ ಮಾತ್ರ ನಿಜವಾದ ಮೊತ್ತ ತಿಳಿಯುತ್ತದೆ. ಹೀಗೆ ಕೂಡಿಸಿ ನೋಡಿದಾಗ, ಮನೆಗೆ ಸಮೀಪದ ಅನುದಾನರಹಿತ ಕಾಲೇಜಿಗಿಂತ ದೂರದ ಸರ್ಕಾರಿ ಕಾಲೇಜು ವಿದ್ಯಾರ್ಥಿನಿಲಯದ ಖರ್ಚೂ ಸೇರಿ ಅಗ್ಗವಾಗಿ ಪರಿಣಮಿಸುವ ಸಂಭವ ಉಂಟು.

ಮಹಾರಾಷ್ಟ್ರದಲ್ಲಿ ಅನುದಾನರಹಿತ ವೃತ್ತಿಶಿಕ್ಷಣ ಕಾಲೇಜುಗಳ ಶುಲ್ಕವನ್ನು ಶುಲ್ಕ ನಿಯಂತ್ರಣ ಪ್ರಾಧಿಕಾರವು ನಿಗದಿಪಡಿಸುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಕಾದ ಅಗತ್ಯವಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕವು 1984ರ ಕಾಯಿದೆಯಿಂದಲೂ ಮಹಾರಾಷ್ಟ್ರವು 1987ರ ಕಾಯಿದೆಯಿಂದಲೂ ನಿಷೇಧಿಸಿವೆ. ರಸೀದಿ ಕೊಡದೆ ಪಡೆಯುವ ಹಣ ಯಾವ ಹೆಸರಿನಲ್ಲಿದ್ದರೂ ಅನುಮಾನಾಸ್ಪದವೇ.

ನೆರವಿನ ಮಾರ್ಗಗಳೂ ಇವೆ. ಮಹಾರಾಷ್ಟ್ರ ಸರ್ಕಾರವು 2024-25ರಿಂದ, ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿ ಮೀರದ ಆರ್ಥಿಕವಾಗಿ ದುರ್ಬಲ, ಸಾಮಾಜಿಕವಾಗಿ ಹಿಂದುಳಿದ ಹಾಗೂ ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕದಿಂದ ಪೂರ್ಣ ವಿನಾಯಿತಿ ನೀಡಿದೆ. ಕೃಷಿ ಪದವಿಯೂ ಇದರಲ್ಲಿ ಸೇರಿದೆ. ಪ್ರವೇಶವು ಸರ್ಕಾರದ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ಆಗಿರಬೇಕು. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬಹುದು. 2024ರ ನವೆಂಬರ್‌ನಲ್ಲಿ ಅನುಮೋದನೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಿಲ್ಲದ ಶಿಕ್ಷಣ ಸಾಲವನ್ನು ಒದಗಿಸುತ್ತದೆ. ಸಾಲ ಮಾಡುವುದಾದರೆ ಮನೆಯ ಒಡವೆಯನ್ನು ಒತ್ತೆಯಿಡುವ ಮೊದಲು ಈ ಬಾಗಿಲನ್ನು ತಟ್ಟುವುದು ಲೇಸು.

ನಾಲ್ಕನೆಯದು ಪ್ರವೇಶದ ದಾರಿ. ಬದಲಾಪುರದ ಕನ್ನಡ ವಿದ್ಯಾರ್ಥಿಯ ಎದುರಿಗೆ ಮೂರು ದಾರಿಗಳಿವೆ.

ಒಂದನೆಯದು ಮಹಾರಾಷ್ಟ್ರದ್ದು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದು ರಾಹುರಿ, ಅಕೋಲಾ, ಪರಭಣಿ, ದಾಪೋಲಿ ಈ ನಾಲ್ಕು ಕೃಷಿ ವಿದ್ಯಾಪೀಠಗಳ ಕಾಲೇಜುಗಳಿಗೆ ಪ್ರವೇಶ ಪಡೆಯಬಹುದು. ಇದಕ್ಕೆ ಅಧಿವಾಸ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಟ್ಟುಕೊಳ್ಳಬೇಕು. ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರವು ಮಹಾರಾಷ್ಟ್ರದ ಮೀಸಲಾತಿಗೆ ತಾನಾಗಿಯೇ ಅನ್ವಯಿಸುವುದಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯದು ಕರ್ನಾಟಕದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರ ಮಕ್ಕಳಿಗೆ ಪ್ರತ್ಯೇಕ ಅರ್ಹತಾ ಕಲಮುಗಳಿವೆ. ಹೊರರಾಜ್ಯದಲ್ಲಿ ಓದಿದ ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ನಿಗದಿತ ಕನ್ನಡ ಭಾಷಾ ಪರೀಕ್ಷೆಯನ್ನೂ ಎದುರಿಸಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಮಾತನಾಡಿದರೂ ಬರೆಯಲು ಕಲಿಯದ ಮಕ್ಕಳು ಬದಲಾಪುರದಲ್ಲಿ ಕಡಿಮೆಯೇನಲ್ಲ. ಹನ್ನೊಂದನೆಯ ತರಗತಿಯಿಂದಲೇ ದಿನಕ್ಕೆ ಅರ್ಧ ಗಂಟೆ ತಾಯಿಯೋ ಅಜ್ಜಿಯೋ ಕೂರಿಸಿಕೊಂಡು ಓದು ಬರಹ ಕಲಿಸಿದರೆ, ಅದು ಭಾಷಾಭಿಮಾನದ ಜೊತೆಗೆ ಬದುಕಿನ ದಾರಿಯೂ ಆಗುತ್ತದೆ. ಕರ್ನಾಟಕದಲ್ಲಿ ರೈತರ ಮಕ್ಕಳಿಗಾಗಿ ಕೃಷಿಕರ ಕೋಟಾ ಎಂಬ ಪಾಲೂ ಉಂಟು. ಅದಕ್ಕೆ ಬೇಸಾಯದ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಊರಿನ ಪಹಣಿಯೊಂದರಿಂದಲೇ ಎಲ್ಲ ಸೌಲಭ್ಯ ದೊರೆಯುತ್ತದೆಂದು ಭಾವಿಸದೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯ ಷರತ್ತುಗಳನ್ನು ಸಾಲುಸಾಲಾಗಿ ಓದಬೇಕು.

ಮೂರನೆಯದು ರಾಷ್ಟ್ರಮಟ್ಟದ್ದು. ರಾಜ್ಯ ಕೃಷಿ ವಿಶ್ವವಿದ್ಯಾನಿಲಯಗಳ ಪದವಿ ಸೀಟುಗಳಲ್ಲಿ ಶೇಕಡ 20ರಷ್ಟನ್ನು ಐ.ಸಿ.ಎ.ಆರ್. ತುಂಬುತ್ತದೆ. 2023ರಿಂದ ಇದಕ್ಕೆ ಸಿ.ಯು.ಇ.ಟಿ. ಪರೀಕ್ಷೆಯ ಅಂಕಗಳೇ ಆಧಾರ. ಈ ಮೂಲಕ ತನ್ನ ರಾಜ್ಯದ ಹೊರಗೆ ಓದುವ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನವೂ ಇದೆ. ಮೂರು ದಾರಿಗಳಲ್ಲಿ ಒಂದನ್ನೇ ನಂಬದೆ ಮೂರಕ್ಕೂ ಅರ್ಜಿ ಹಾಕಿಡುವುದು ಜಾಣತನ. ಪ್ರತಿಯೊಂದರ ಕೊನೆಯ ದಿನಾಂಕವನ್ನೂ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಬೇಕು.

ಪದವಿಯ ನಂತರ ಏನು ಎಂಬ ಪ್ರಶ್ನೆಯೂ ಸಹಜ. ರಾಜ್ಯಗಳ ಕೃಷಿ ಇಲಾಖೆಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳು, ನಬಾರ್ಡ್, ಬೀಜ ಮತ್ತು ಗೊಬ್ಬರದ ಉದ್ದಿಮೆಗಳು, ದೇಶದಾದ್ಯಂತ ಇರುವ ಏಳುನೂರಕ್ಕೂ ಹೆಚ್ಚು ಕೃಷಿ ವಿಜ್ಞಾನ ಕೇಂದ್ರಗಳು ಈ ಪದವೀಧರರನ್ನು ನೇಮಿಸಿಕೊಳ್ಳುತ್ತವೆ. ಆದರೆ ಇವೆಲ್ಲಕ್ಕೂ ಸ್ಪರ್ಧೆಯಿದೆ. ಯಾವ ಕಾಲೇಜೂ ನೌಕರಿಯನ್ನು ಖಚಿತಪಡಿಸಲಾರದು. ಹಾಗೆ ಖಚಿತಪಡಿಸುವವರ ಮಾತನ್ನು ನಂಬದಿರುವುದೇ ಮೊದಲ ವಿವೇಕ. ಸ್ವಂತ ಉದ್ಯಮದ ದಾರಿಯೂ ತೆರೆದಿದೆ. ಬದಲಾಪುರದ ನೇರಳೆ ಹಣ್ಣು ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಕೆಲವೇ ದಿನ ಬಾಳುವ ಆ ಹಣ್ಣನ್ನು ಕೆಡದಂತೆ ಸಂಸ್ಕರಿಸಿ ಮಾರುಕಟ್ಟೆಗೆ ತಲುಪಿಸಬಲ್ಲ ತರಬೇತಾದ ಕೈಗಳಿಗೆ ಊರಿನಲ್ಲಿಯೇ ಕೆಲಸವುಂಟು.

ಮೊದಲು ಊಹಿಸಿಕೊಂಡ ಮನೆಗೆ ಮತ್ತೆ ಬರೋಣ. ತಂದೆಯು ಮಧ್ಯವರ್ತಿಗೆ ಒಂದು ವಾರ ತಡೆಯಲು ಹೇಳಿದ್ದಾರೆ. ಆ ವಾರದಲ್ಲಿ ಮಾನ್ಯತೆಯ ಪಟ್ಟಿಯಲ್ಲಿ ಕಾಲೇಜಿನ ಹೆಸರನ್ನು ಹುಡುಕಬೇಕು. ಅದರ ಹೊಲದಲ್ಲಿ ಒಮ್ಮೆ ನಡೆದು ಬರಬೇಕು. ಎಂಟು ಸೆಮಿಸ್ಟರುಗಳ ವೆಚ್ಚವನ್ನು ಒಂದೇ ಹಾಳೆಯಲ್ಲಿ ಕೂಡಿಸಬೇಕು. ಮೂರು ದಾರಿಗಳ ಅರ್ಜಿಗಳನ್ನೂ ತುಂಬಬೇಕು. ಇಷ್ಟಾದ ಮೇಲೂ ಆ ಕಾಲೇಜೇ ಯೋಗ್ಯವೆಂದು ತೋರಿದರೆ ಕಟ್ಟುವ ಹಣ ವ್ಯರ್ಥವಾಗದು. ತೋರದಿದ್ದರೆ ಭವಿಷ್ಯನಿಧಿ ಉಳಿಯುತ್ತದೆ, ಮಗಳ ನಾಲ್ಕು ವರ್ಷಗಳೂ ಉಳಿಯುತ್ತವೆ. ಬಿತ್ತುವ ಮುನ್ನ ರೈತನು ಹಿಡಿ ಮಣ್ಣನ್ನು ಅಂಗೈಯಲ್ಲಿ ತೆಗೆದುಕೊಂಡು ಹದ ನೋಡುತ್ತಾನೆ. ಮಕ್ಕಳ ವಿದ್ಯೆಯ ವಿಷಯದಲ್ಲಿ ಪೋಷಕರು ಮಾಡಬೇಕಾದುದೂ ಅಷ್ಟೇ.